ಕಾರಿನ ಹೆಡ್‌ಲೈಟ್ ಬಲ್ಬ್ ಬದಲಿಸುವ ಮುನ್ನ: ಬೆಳಕು, ವೋಲ್ಟೇಜ್ ಮತ್ತು ಕಾನೂನು

ರಾತ್ರಿ ಹೊತ್ತು ಹೆದ್ದಾರಿಯಲ್ಲಿ ರಸ್ತೆ ಸರಿಯಾಗಿ ಕಾಣುವುದಿಲ್ಲ, ಯಾವ ಬಲ್ಬ್ ಹಾಕಿಸಲಿ? ನೂರು ವಾಟಿನ ಬಲ್ಬ್ ಹಾಕಿದರೆ ತೊಂದರೆಯಿದೆಯೇ? ಎಲ್‌ಇಡಿ ಹಾಕಿಸಿದರೆ ಪೊಲೀಸರು ಹಿಡಿಯುತ್ತಾರೆಯೇ? ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಇವು. ಒಂದೊಂದಕ್ಕೂ ಒಂದು ಸಾಲಿನ ಉತ್ತರ ಕೊಡಬಹುದು. ಆದರೆ ಬೆಳಕು ಯಾಕೆ ಕಡಿಮೆಯಾಗಿದೆ ಎಂದು ತಿಳಿಯದೆ ಬಲ್ಬ್ ಬದಲಿಸಿದರೆ ಹಣ ಖರ್ಚಾಗುತ್ತದೆ, ರಸ್ತೆ ಮಾತ್ರ ಮೊದಲಿನಷ್ಟೇ ಮಸುಕಾಗಿ ಉಳಿಯುತ್ತದೆ. ಆದ್ದರಿಂದ ಬಲ್ಬಿನ ಅಂಗಡಿಗೆ ಹೋಗುವ ಮೊದಲು ಏನು ಮಾಡಬೇಕು ಎಂಬಲ್ಲಿಂದಲೇ ಈ ಲೇಖನವನ್ನು ಆರಂಭಿಸುತ್ತಿದ್ದೇನೆ.

ಇಲ್ಲಿ ಹೇಳಿರುವುದು ಹ್ಯಾಲೊಜೆನ್ ಬಲ್ಬ್ ಇರುವ ಕಾರುಗಳಿಗೆ ಅನ್ವಯಿಸುತ್ತದೆ. ಹ್ಯಾಲೊಜೆನ್ ಎಂದರೆ ಗಾಜಿನೊಳಗೆ ಕಾದು ಬೆಳಗುವ ಸಣ್ಣ ತಂತಿಯಿರುವ, ತುಸು ಹಳದಿ ಛಾಯೆಯ ಬೆಳಕು ಕೊಡುವ ಹಳೆಯ ಮಾದರಿಯ ಬಲ್ಬ್. ಕಾರ್ಖಾನೆಯಿಂದಲೇ ಎಲ್‌ಇಡಿ ಹೆಡ್‌ಲೈಟ್‌ನೊಂದಿಗೆ ಬಂದ ಕಾರುಗಳಲ್ಲಿ ಸಾಮಾನ್ಯವಾಗಿ ಮನೆಯಲ್ಲಿ ಬದಲಿಸುವಂಥ ಬಲ್ಬ್ ಇರುವುದಿಲ್ಲ. ಅಲ್ಲಿ ದೋಷ ಕಂಡರೆ ಸರ್ವಿಸ್ ಸೆಂಟರಿಗೆ ಹೋಗುವುದೇ ದಾರಿ.

ಬೇಕಾಗುವ ವಸ್ತುಗಳು ಹೆಚ್ಚೇನಿಲ್ಲ: ಕಾರಿನ ಮಾಲೀಕರ ಕೈಪಿಡಿ, ಸ್ಟಾರ್ ಸ್ಕ್ರೂಡ್ರೈವರ್, ಅಳತೆಯ ಟೇಪು, ಬಣ್ಣದ ಅಂಟುಪಟ್ಟಿ, ಸ್ವಚ್ಛವಾದ ಹತ್ತಿಬಟ್ಟೆ ಮತ್ತು ಸಾಧ್ಯವಾದರೆ ಒಂದು ಸಾಧಾರಣ ಮಲ್ಟಿಮೀಟರ್, ಅಂದರೆ ವೋಲ್ಟೇಜ್ ಅಳೆಯುವ ಉಪಕರಣ. ಇವುಗಳ ಜೊತೆಗೆ ಸಮತಟ್ಟಾದ ನೆಲ ಮತ್ತು ಅದರ ಎದುರಿಗೆ ಒಂದು ಗೋಡೆ ಇರಬೇಕು. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ನೆಲಮಾಳಿಗೆಯ ಪಾರ್ಕಿಂಗ್ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ, ಆದರೆ ಅಲ್ಲಿ ಎಂಜಿನ್ ಚಾಲೂ ಇಟ್ಟು ಹೆಚ್ಚು ಹೊತ್ತು ನಿಲ್ಲಬಾರದು.

ಹಂತ 1: ನಿಮ್ಮ ಬಲ್ಬ್ ಯಾವುದು ಎಂದು ತಿಳಿಯಿರಿ

ಕೈಪಿಡಿಯ ಕೊನೆಯ ಪುಟಗಳಲ್ಲಿ ಬಲ್ಬುಗಳ ಪಟ್ಟಿ ಇರುತ್ತದೆ. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಕಾಣುವುದು ಎಚ್4. ಇದರಲ್ಲಿ ಒಂದೇ ಬಲ್ಬಿನೊಳಗೆ ಎರಡು ತಂತುಗಳಿದ್ದು, ಹೈ ಬೀಮ್‌ಗೆ 60 ವಾಟ್, ಲೋ ಬೀಮ್‌ಗೆ 55 ವಾಟ್ ಬಳಕೆಯಾಗುತ್ತದೆ. ಪೆಟ್ಟಿಗೆಯ ಮೇಲೆ 60/55 ಎಂದು ಬರೆದಿರುವುದು ಇದನ್ನೇ. ಎಚ್7 ಮತ್ತು ಎಚ್11 ಬಲ್ಬುಗಳಲ್ಲಿ ಒಂದೊಂದೇ ತಂತು ಇರುತ್ತದೆ, ಎರಡೂ 55 ವಾಟಿನವು. ಇವುಗಳ ಬುಡದ ಆಕಾರ ಬೇರೆ ಬೇರೆಯಾಗಿರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಕೂರದಿದ್ದನ್ನು ಕತ್ತರಿಸಿ, ತೇದು ಕೂರಿಸಿಕೊಡುತ್ತೇನೆ ಎನ್ನುವ ಅಂಗಡಿಯಿಂದ ಹೊರಗೆ ಬನ್ನಿ.

ವಾಟ್ ಎನ್ನುವುದು ಬಲ್ಬ್ ಎಷ್ಟು ವಿದ್ಯುತ್ತನ್ನು ತಿನ್ನುತ್ತದೆ ಎಂಬುದರ ಅಳತೆ, ಲ್ಯೂಮೆನ್ ಎನ್ನುವುದು ಅದು ಒಟ್ಟು ಎಷ್ಟು ಬೆಳಕು ಕೊಡುತ್ತದೆ ಎಂಬುದರ ಅಳತೆ. ಕೆಲ್ವಿನ್ ಬೆಳಕಿನ ಬಣ್ಣವನ್ನು ಹೇಳುತ್ತದೆ, ಪ್ರಖರತೆಗೂ ಅದಕ್ಕೂ ಸಂಬಂಧವಿಲ್ಲ. ಈ ಮೂರನ್ನು ಬೆರೆಸಿ ಮಾತನಾಡುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ, ಮಾರುವವರಿಗೆ ಅದರಿಂದ ಅನುಕೂಲವೂ ಇದೆ.

ಹಂತ 2: ಬಲ್ಬನ್ನು ಬಿಟ್ಟು ಉಳಿದದ್ದನ್ನು ಮೊದಲು ನೋಡಿ

ಐದಾರು ವರ್ಷ ಬಿಸಿಲಿನಲ್ಲಿ ನಿಂತ ಕಾರಿನ ಹೆಡ್‌ಲೈಟಿನ ಮುಂಭಾಗವನ್ನು ಹಗಲಿನಲ್ಲಿ ಹತ್ತಿರದಿಂದ ನೋಡಿ. ಅದು ಗಾಜಲ್ಲ, ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್. ಅದರ ಮೇಲಿನ ರಕ್ಷಣಾ ಲೇಪ ಸೂರ್ಯನ ನೇರಳಾತೀತ ಕಿರಣಕ್ಕೆ ಸವೆದಾಗ ಮೇಲ್ಮೈ ಹಳದಿಗಟ್ಟಿ ಮಂಜು ಕವಿದಂತಾಗುತ್ತದೆ. ಹೀಗಾದ ಹೆಡ್‌ಲೈಟಿಗೆ ಎಷ್ಟೇ ಒಳ್ಳೆಯ ಬಲ್ಬ್ ಹಾಕಿದರೂ ಬೆಳಕಿನ ಒಂದು ಪಾಲು ಅಲ್ಲಿಯೇ ಚದುರಿಹೋಗುತ್ತದೆ. ಚದುರಿದ್ದು ಎದುರು ಬರುವವರ ಕಣ್ಣಿಗೂ ಹೋಗುತ್ತದೆ. ಒದ್ದೆ ಮಾಡಿದ ವಾಟರ್ ಪೇಪರಿನಿಂದ, ಅಂದರೆ ಪೇಂಟ್ ಕೆಲಸದವರು ಬಳಸುವ ನೀರು ತಾಳುವ ಉಜ್ಜುಕಾಗದದಿಂದ, ಮೊದಲು 800, ನಂತರ 1500, ಕೊನೆಗೆ 2000 ನಂಬರಿನ ಕ್ರಮದಲ್ಲಿ ಉಜ್ಜಿ ಪಾಲಿಶ್ ಹಾಕಿದರೆ ಅದು ತಿಳಿಯಾಗುತ್ತದೆ. ಇಷ್ಟಕ್ಕೇ ನಿಲ್ಲಿಸಬೇಡಿ. ಉಜ್ಜುವಾಗ ಉಳಿದಿದ್ದ ರಕ್ಷಣಾ ಲೇಪವೂ ಹೋಗಿರುತ್ತದೆಯಾದ್ದರಿಂದ ನೇರಳಾತೀತ ಕಿರಣ ತಡೆಯುವ ಪಾರದರ್ಶಕ ಲೇಪವನ್ನು ಮೇಲೆ ಹಾಕದಿದ್ದರೆ ಕೆಲವೇ ತಿಂಗಳಲ್ಲಿ ಮೊದಲಿಗಿಂತ ಹೆಚ್ಚು ಮಸುಕಾಗುತ್ತದೆ. ಟೂತ್‌ಪೇಸ್ಟಿನಿಂದ ಉಜ್ಜುವ ಉಪಾಯದ ಗುಣ ಒಂದೆರಡು ಮಳೆಯವರೆಗೆ ಮಾತ್ರ.

ಹೆಡ್‌ಲೈಟಿನ ಒಳಗೆ ಕನ್ನಡಿಯಂತೆ ಹೊಳೆಯುವ ಬಟ್ಟಲಿಗೆ ರಿಫ್ಲೆಕ್ಟರ್ ಎನ್ನುತ್ತಾರೆ. ಅದರ ಹೊಳಪು ಎದ್ದುಹೋಗಿದ್ದರೆ ಅಥವಾ ಸುಟ್ಟ ಕಲೆಗಳಿದ್ದರೆ ಅದನ್ನು ಸರಿಪಡಿಸಲಾಗದು. ಒಳಗೆ ಬಟ್ಟೆ ಹಾಕಿ ಒರೆಸಲು ಹೋದರೆ ಇರುವ ಲೇಪವೂ ಕಿತ್ತು ಬರುತ್ತದೆ. ಇಡೀ ಹೆಡ್‌ಲೈಟ್ ಅಸೆಂಬ್ಲಿಯನ್ನೇ ಬದಲಿಸಬೇಕಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಅಗ್ಗದ ಅಸೆಂಬ್ಲಿಗಳೂ ಸಿಗುತ್ತವೆ. ಆದರೆ ಬೆಳಕನ್ನು ಎಲ್ಲಿಗೆ ಬೀಳಿಸಬೇಕೆಂದು ನಿರ್ಧರಿಸುವ ಭಾಗವೇ ಇದಾದ್ದರಿಂದ ಇಲ್ಲಿ ಮಾತ್ರ ಕಂಪನಿಯ ಅಸಲಿ ಭಾಗಕ್ಕೆ ಹೆಚ್ಚು ಹಣ ಕೊಡುವುದು ವಿವೇಕ.

ಹಂತ 3: ಬಲ್ಬಿಗೆ ತಲುಪುವ ವೋಲ್ಟೇಜ್ ಅಳೆಯಿರಿ

ಇದನ್ನು ಬಹುತೇಕ ಯಾರೂ ಮಾಡುವುದಿಲ್ಲ, ಅದಕ್ಕಾಗಿಯೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ವಿಶ್ವಸಂಸ್ಥೆಯ ವಾಹನ ನಿಯಮಾವಳಿಯಲ್ಲಿ ಎಚ್4 ಬಲ್ಬಿನ ಲೋ ಬೀಮ್‌ಗೆ ನಿಗದಿಯಾಗಿರುವ ಬೆಳಕು 13.2 ವೋಲ್ಟ್‌ನಲ್ಲಿ 1000 ಲ್ಯೂಮೆನ್. ಅದೇ ಬಲ್ಬಿಗೆ 12 ವೋಲ್ಟ್ ಮಾತ್ರ ಸಿಕ್ಕರೆ ಬರುವುದು ಸುಮಾರು 750 ಲ್ಯೂಮೆನ್. ಅಂದರೆ ದಾರಿಯಲ್ಲಿ ಒಂದು ವೋಲ್ಟಿಗಿಂತ ಸ್ವಲ್ಪ ಹೆಚ್ಚು ಸೋರಿಹೋದರೆ ಬೆಳಕಿನಲ್ಲಿ ಕಾಲುಭಾಗವೇ ಇಲ್ಲವಾಗುತ್ತದೆ. ಹಳೆಯ ಸಣ್ಣ ಕಾರುಗಳಲ್ಲಿ ಹೆಡ್‌ಲೈಟಿನ ವಿದ್ಯುತ್ತು ಸ್ಟಿಯರಿಂಗ್ ಬಳಿಯ ಸ್ವಿಚ್ಚಿನ ಮೂಲಕವೇ, ತೆಳುವಾದ ತಂತಿಗಳಲ್ಲಿ ಸುತ್ತಿ ಬರುವುದುಂಟು. ಸಂಪರ್ಕಗಳು ಕಿಲುಬು ಹಿಡಿದಾಗ ಈ ಸೋರಿಕೆ ಇನ್ನೂ ಹೆಚ್ಚುತ್ತದೆ.

ಎಂಜಿನ್ ಚಾಲೂ ಇಟ್ಟು, ಲೋ ಬೀಮ್ ಹಾಕಿ, ಮೊದಲು ಬ್ಯಾಟರಿಯ ಎರಡು ತುದಿಗಳ ನಡುವೆ ವೋಲ್ಟೇಜ್ ನೋಡಿ. 13.5ರಿಂದ 14.4ರ ನಡುವೆ ಇದ್ದರೆ ಆಲ್ಟರ್ನೇಟರ್, ಅಂದರೆ ಬ್ಯಾಟರಿ ಚಾರ್ಜ್ ಮಾಡುವ ಸಾಧನ, ಸರಿಯಾಗಿದೆ ಎಂದು ತಿಳಿಯಬಹುದು. ನಂತರ ಬಲ್ಬ್ ಉರಿಯುತ್ತಿರುವಾಗಲೇ ಅದರ ಹಿಂದಿನ ಸಾಕೆಟ್ಟಿನಲ್ಲಿ ಅಳೆಯಿರಿ. ಸಾಕೆಟ್ ಕಳಚಿಟ್ಟು ಅಳೆದರೆ ಯಾವಾಗಲೂ ಚೆನ್ನಾಗಿಯೇ ತೋರಿಸುತ್ತದೆ, ಏಕೆಂದರೆ ಕರೆಂಟ್ ಹರಿಯದಿದ್ದಾಗ ಸೋರಿಕೆಯೂ ಇರುವುದಿಲ್ಲ. ಎರಡು ಅಳತೆಗಳ ನಡುವಿನ ವ್ಯತ್ಯಾಸ ಅರ್ಧ ವೋಲ್ಟಿಗಿಂತ ಹೆಚ್ಚಿದ್ದರೆ ದೋಷ ವೈರಿಂಗಿನಲ್ಲಿದೆ.

ಅರ್ತ್ ತಂತಿ, ಅಂದರೆ ಕಾರಿನ ಕಬ್ಬಿಣದ ಮೈಗೆ ತಿರುಪಿನಿಂದ ಕಟ್ಟಿದ ಕಪ್ಪು ತಂತಿ, ತುಕ್ಕು ಹಿಡಿದಿದ್ದರೆ ಮೊದಲು ಅದನ್ನು ಬಿಚ್ಚಿ, ಉಜ್ಜಿ ಬಿಗಿ ಮಾಡಿಸಿ. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಓಡಾಡುವ ಕಾರುಗಳಲ್ಲಿ ಇದನ್ನು ಖಂಡಿತ ನೋಡಬೇಕು. ಅದರಿಂದಲೂ ಸರಿಹೋಗದಿದ್ದರೆ ರಿಲೇ ಕಿಟ್ ಹಾಕಿಸಬಹುದು. ರಿಲೇ ಎಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು. ಆಗ ಬಲ್ಬಿಗೆ ಬೇಕಾದ ವಿದ್ಯುತ್ತು ದಪ್ಪ ತಂತಿಯಲ್ಲಿ ಬ್ಯಾಟರಿಯಿಂದ ನೇರವಾಗಿ ಬರುತ್ತದೆ, ಸ್ಟಿಯರಿಂಗಿನ ಸ್ವಿಚ್ಚು ರಿಲೇಗೆ ಆಜ್ಞೆ ಕೊಡುವ ಕೆಲಸವನ್ನಷ್ಟೇ ಮಾಡುತ್ತದೆ. ಮೂಲ ತಂತಿಗಳನ್ನು ಕತ್ತರಿಸದೆ ಕಪ್ಲರ್, ಅಂದರೆ ಸಿಕ್ಕಿಸುವ ಪ್ಲಗ್, ಮೂಲಕ ಜೋಡಿಸುವ ಕಿಟ್ಟನ್ನೇ ಕೇಳಿ, ಬ್ಯಾಟರಿಯ ಹತ್ತಿರ ಫ್ಯೂಸ್ ಇದೆಯೇ ನೋಡಿ. ಕಾರು ಇನ್ನೂ ವಾರಂಟಿಯಲ್ಲಿದ್ದರೆ ಈ ಕೆಲಸವನ್ನು ಹೊರಗೆ ಮಾಡಿಸಬೇಡಿ. ವೈರಿಂಗ್ ಮುಟ್ಟಿದ ಕಾರಿನ ವಿದ್ಯುತ್ ದೋಷಗಳಿಗೆ ವಾರಂಟಿ ಸಿಗದೆ ಹೋಗುವ ಸಂಭವವಿದೆ.

ಹಂತ 4: ಕಾನೂನು ಏನನ್ನು ಕೇಳುತ್ತದೆ

ಎಷ್ಟು ಲ್ಯೂಮೆನ್‌ವರೆಗೆ ಹಾಕಬಹುದು ಎಂದು ಹಲವರು ಕೇಳುತ್ತಾರೆ. ನಮ್ಮ ದೇಶದ ನಿಯಮ ವಾಹನ ಸವಾರನಿಗೆ ಅಂಥ ಒಂದು ಅಂಕಿಯನ್ನು ಕೊಟ್ಟು ಸುಮ್ಮನಾಗುವುದಿಲ್ಲ. ಅದು ನೋಡುವುದು ಮುಖ್ಯವಾಗಿ ಎರಡು ವಿಷಯ: ದೀಪ ಆ ವಾಹನಕ್ಕೆ ಅನುಮೋದಿತವಾದ ಬಗೆಯದೇ, ಮತ್ತು ಅದರ ಬೆಳಕು ಬೇರೆಯವರ ಕಣ್ಣು ಕೋರೈಸುತ್ತದೆಯೇ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 105ನೆಯ ನಿಯಮದಂತೆ ಹೆಡ್‌ಲೈಟಿನ ಬಿಳಿ ಬೆಳಕು ಮುಂದೆ 155 ಮೀಟರ್ ದೂರದಿಂದ ಕಾಣುವಂತಿರಬೇಕು. 106ನೆಯ ನಿಯಮ ಇನ್ನೂ ಉಪಯುಕ್ತವಾದದ್ದು: ಬೆಳಕು ಶಾಶ್ವತವಾಗಿ ಕೆಳಕ್ಕೆ ಬಾಗಿರಬೇಕು. ದೀಪದಿಂದ 8 ಮೀಟರ್ ಮುಂದೆ, ವಾಹನದ ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಯನ್ನು ಅದು ಕೋರೈಸಬಾರದು. ಈ ಅಳತೆಯನ್ನು ನೀವೇ ಟೇಪು ಹಿಡಿದು ಪರೀಕ್ಷಿಸಬಹುದು, ಕೊನೆಯ ಹಂತದಲ್ಲಿ ಅದನ್ನು ಹೇಳಿದ್ದೇನೆ. 111ನೆಯ ನಿಯಮವು ವಾಹನದ ಮುಂದೆ ಸ್ಪಾಟ್‌ಲೈಟ್, ಸರ್ಚ್‌ಲೈಟ್ ಅಳವಡಿಸುವುದನ್ನು ನಿಷೇಧಿಸುತ್ತದೆ. ನೋಂದಣಿ ಪ್ರಾಧಿಕಾರದ ಪೂರ್ವಾನುಮತಿಯಿದ್ದಾಗ ಮಾತ್ರ, ಅದೂ ಅಸಾಧಾರಣ ಸಂದರ್ಭದಲ್ಲಿ, ಇದಕ್ಕೆ ವಿನಾಯಿತಿ. ಜೀಪುಗಳ ತಲೆಯ ಮೇಲೆ ಕಾಣುವ ಎಲ್‌ಇಡಿ ಪಟ್ಟಿಗಳನ್ನು ಹಾಕಿಸುವ ಮುನ್ನ ಈ ಸಾಲನ್ನು ಓದಿಕೊಳ್ಳುವುದು ಒಳ್ಳೆಯದು.

ದಂಡದ ಮಾತಿಗೆ ಬಂದರೆ, ಮೋಟಾರು ವಾಹನ ಕಾಯ್ದೆಯ 177ನೆಯ ಕಲಮಿನಡಿ ಮೊದಲ ಸಲಕ್ಕೆ 500 ರೂಪಾಯಿ, ಮರುಕಳಿಸಿದರೆ 1500 ರೂಪಾಯಿವರೆಗೆ ಹಾಕಬಹುದು. ಕರ್ನಾಟಕ ಪೊಲೀಸರು 2024ರ ಜುಲೈಯಲ್ಲಿ ಕಣ್ಣು ಕೋರೈಸುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯದಾದ್ಯಂತ ಕಾರ್ಯಾಚರಣೆ ಆರಂಭಿಸಿದಾಗ ಪ್ರಕರಣಗಳನ್ನು ದಾಖಲಿಸಿದ್ದು ಈ ಕಲಮಿನಡಿಯಲ್ಲಿಯೇ. ಆದರೆ ಇದನ್ನು ಐನೂರು ರೂಪಾಯಿಯ ವಿಷಯವೆಂದು ತಳ್ಳಿಹಾಕಬೇಡಿ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮು, ಅನುಮತಿಯಿಲ್ಲದೆ ಬಿಡಿಭಾಗ ಜೋಡಿಸಿ ವಾಹನವನ್ನು ಮಾರ್ಪಡಿಸಿದ ಮಾಲೀಕನಿಗೆ ಒಂದೊಂದು ಮಾರ್ಪಾಡಿಗೂ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ.

ಹಂತ 5: ಬಲ್ಬ್ ಆರಿಸಿ

ಮೊದಲ ಮೂರು ಹಂತಗಳನ್ನು ಮುಗಿಸಿದವರಲ್ಲಿ ಅನೇಕರಿಗೆ ಹೊಸದಾದ ಸಾಧಾರಣ 60/55 ಬಲ್ಬುಗಳ ಜೋಡಿಯೇ ಸಾಕಾಗುತ್ತದೆ, ಏಕೆಂದರೆ ಹಳೆಯ ಬಲ್ಬ್ ಸುಟ್ಟುಹೋಗುವ ಮೊದಲೇ ಮಂಕಾಗಿರುತ್ತದೆ. ಇನ್ನೂ ಬೇಕೆನ್ನುವವರು ಪೆಟ್ಟಿಗೆಯ ಮೇಲೆ ‘ಶೇ. 100 ಹೆಚ್ಚು’, ‘ಶೇ. 130 ಹೆಚ್ಚು’ ಎಂದು ಬರೆದ, ಆದರೆ ವಾಟ್ ಮಾತ್ರ 60/55 ಆಗಿಯೇ ಇರುವ ಬಲ್ಬುಗಳನ್ನು ಕೊಳ್ಳಬಹುದು. ಫಿಲಿಪ್ಸ್, ಆಸ್ರಾಮ್ ಮುಂತಾದ ಕಂಪನಿಗಳು ಇವನ್ನು ಮಾರುತ್ತವೆ. ಬಲ್ಬಿನ ಬುಡದ ಮೇಲೆ ವೃತ್ತದೊಳಗೆ ‘ಇ’ ಅಕ್ಷರ ಮತ್ತು ಒಂದು ಸಂಖ್ಯೆ ಇರುವ ಅನುಮೋದನೆಯ ಗುರುತನ್ನು ನೋಡಿ ತೆಗೆದುಕೊಳ್ಳಿ.

ಆ ಶೇಕಡಾ ಲೆಕ್ಕವನ್ನು ಮಾತ್ರ ಅಕ್ಷರಶಃ ನಂಬಬೇಡಿ. ಒಟ್ಟು ಬೆಳಕು ಎರಡು ಪಟ್ಟಾಗುತ್ತದೆ ಎಂಬುದು ಅದರ ಅರ್ಥವಲ್ಲ. ರಸ್ತೆಯ ಮೇಲಿನ ಕೆಲವು ನಿರ್ದಿಷ್ಟ ಜಾಗಗಳಲ್ಲಿ, ನಿಯಮ ಕೇಳುವ ಕನಿಷ್ಠ ಪ್ರಮಾಣಕ್ಕೆ ಹೋಲಿಸಿದರೆ ಎಷ್ಟು ಹೆಚ್ಚು ಬೀಳುತ್ತದೆ ಎಂಬುದನ್ನು ಅದು ಹೇಳುತ್ತದೆ. ತಂತುವನ್ನು ಚಿಕ್ಕದಾಗಿ, ಬಿಗಿಯಾಗಿ ಸುತ್ತಿ, ಇನ್ನೂ ಹೆಚ್ಚು ಕಾಯಿಸುವುದರಿಂದ ಬೆಳಕು ದೂರಕ್ಕೆ ಒಟ್ಟಾಗಿ ಬೀಳುತ್ತದೆ, ಅದಕ್ಕೆ ಪ್ರತಿಯಾಗಿ ಬಲ್ಬಿನ ಆಯುಷ್ಯ ಕುಗ್ಗುತ್ತದೆ. ದಿನವೂ ರಾತ್ರಿ ಓಡಿಸುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನೀಲಿ ಲೇಪದ ‘ಸೂಪರ್ ವೈಟ್’ ಬಲ್ಬುಗಳನ್ನು ನಾನು ಯಾರಿಗೂ ಹೇಳುವುದಿಲ್ಲ. ಗಾಜಿನ ಮೇಲಿನ ನೀಲಿ ಬಣ್ಣ ಬೆಳಕಿನ ಒಂದಷ್ಟನ್ನು ಸೋಸಿ ಹಿಡಿದುಕೊಳ್ಳುತ್ತದೆ. ಬೆಳಕು 3200 ಕೆಲ್ವಿನ್‌ನಿಂದ 5000 ಕೆಲ್ವಿನ್‌ಗೆ ಹೋಗಿ ಬೆಳ್ಳಗೆ ಕಂಡರೂ, ಮಳೆಯಲ್ಲಿ ಶಿರಾಡಿ ಘಾಟಿಯ ಒದ್ದೆ ಡಾಂಬರಿನ ಮೇಲೆ ಅದು ಎಲ್ಲಿ ಬಿದ್ದಿದೆ ಎಂದೇ ತಿಳಿಯುವುದಿಲ್ಲ.

100/90 ವಾಟಿನ ಬಲ್ಬ್ ಎಚ್4 ಜಾಗದಲ್ಲಿ ಸುಲಭವಾಗಿ ಕೂರುತ್ತದೆ, ಅಪಾಯ ಇರುವುದೇ ಅಲ್ಲಿ. 12 ವೋಲ್ಟಿನ ಲೆಕ್ಕದಲ್ಲಿ 55 ವಾಟಿನ ಬಲ್ಬಿಗೆ ಸುಮಾರು 4.6 ಆಂಪಿಯರ್ ಹರಿದರೆ, 90 ವಾಟಿನದಕ್ಕೆ 7.5 ಆಂಪಿಯರ್ ಬೇಕು. ತಂತಿಯಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದೇ ತಂತಿ ಎರಡೂವರೆ ಪಟ್ಟಿಗಿಂತಲೂ ಹೆಚ್ಚು ಕಾಯುತ್ತದೆ. ಮೊದಲು ಸಾಕೆಟ್ ಕರಗುತ್ತದೆ, ಆಮೇಲೆ ಸ್ವಿಚ್ಚು. ಫ್ಯೂಸ್ ಹೋಗುತ್ತಿದೆಯೆಂದು ದೊಡ್ಡ ಫ್ಯೂಸ್ ಹಾಕುವವರೂ ಇದ್ದಾರೆ. ಬೆಂಕಿಯನ್ನು ತಡೆಯಲು ಇಟ್ಟದ್ದನ್ನೇ ತೆಗೆದ ಹಾಗೆ ಅದು. ರಿಲೇ ಹಾಕಿಸಿ ತಂತಿಯನ್ನು ಉಳಿಸಿಕೊಂಡರೂ ಪ್ಲಾಸ್ಟಿಕ್ ರಿಫ್ಲೆಕ್ಟರ್ ಆ ಶಾಖವನ್ನು ತಡೆಯುವುದಿಲ್ಲ, ರಸ್ತೆಯ ಮೇಲೆ ಅದು ಅನುಮೋದಿತ ಬಲ್ಬೂ ಅಲ್ಲ.

ಹ್ಯಾಲೊಜೆನ್ ಜಾಗಕ್ಕೆ ಹಾಕುವ ಎಲ್‌ಇಡಿ ಬಲ್ಬಿನ ತೊಂದರೆ ಬೇರೆ ಬಗೆಯದು. ಎಚ್4 ಬಲ್ಬಿನೊಳಗೆ ಲೋ ಬೀಮ್ ತಂತುವಿನ ಕೆಳಗೆ ಒಂದು ಪುಟ್ಟ ಲೋಹದ ಬಟ್ಟಲು ಇರುತ್ತದೆ. ಅದು ಬೆಳಕನ್ನು ರಿಫ್ಲೆಕ್ಟರಿನ ಕೆಳಭಾಗಕ್ಕೆ ಹೋಗದಂತೆ ತಡೆಯುವುದರಿಂದಲೇ ರಸ್ತೆಯ ಮೇಲೆ ಬೆಳಕಿಗೆ ಒಂದು ಸ್ಪಷ್ಟವಾದ ಮೇಲಂಚು ಮೂಡುತ್ತದೆ. ಇದಕ್ಕೆ ಕಟ್-ಆಫ್ ರೇಖೆ ಎನ್ನುತ್ತಾರೆ. ಇಡೀ ರಿಫ್ಲೆಕ್ಟರನ್ನು ಆ ತಂತುವಿನ ನಿಖರವಾದ ಜಾಗ ಮತ್ತು ಗಾತ್ರಕ್ಕೆ ಹೊಂದುವಂತೆ ರೂಪಿಸಿರುತ್ತಾರೆ. ಎಲ್‌ಇಡಿ ಚಿಪ್ಪುಗಳು ಚಪ್ಪಟೆಯಾಗಿದ್ದು ಎರಡು ಬದಿಗೆ ಮಾತ್ರ ಬೆಳಗುತ್ತವೆ, ಅವುಗಳ ಜಾಗವೂ ಅಷ್ಟು ನಿಖರವಾಗಿರುವುದಿಲ್ಲ. ಪರಿಣಾಮವಾಗಿ ಕಾರಿನ ಮುಂದಿನ ಹತ್ತು ಮೀಟರ್ ನೆಲ ಝಗಮಗಿಸುತ್ತದೆ, ದೂರ ಕತ್ತಲಾಗಿರುತ್ತದೆ, ಉಳಿದ ಬೆಳಕು ಮೇಲಂಚನ್ನು ದಾಟಿ ಎದುರಿನವರ ಮುಖಕ್ಕೆ ಹೊಡೆಯುತ್ತದೆ. ಹತ್ತಿರದ ನೆಲ ಬೆಳಗಿದಾಗ ಕಣ್ಣಿನ ಪಾಪೆ ಕಿರಿದಾಗುವುದರಿಂದ ದೂರದ ಕತ್ತಲು ಇನ್ನಷ್ಟು ಗಾಢವಾಗುತ್ತದೆ. ಚೆನ್ನಾಗಿ ಕಾಣುತ್ತಿದೆ ಎಂದು ಓಡಿಸುವವನಿಗೆ ಅನ್ನಿಸುವುದೇ ಇದರ ಮೋಸ.

ಜರ್ಮನಿಯಲ್ಲಿ 2020ರಿಂದ ಕೆಲವು ಎಲ್‌ಇಡಿ ಬದಲಿ ಬಲ್ಬುಗಳಿಗೆ ಅನುಮತಿಯಿದೆಯಲ್ಲ ಎಂದು ಅಲ್ಲಿರುವ ಓದುಗರು ಕೇಳುತ್ತಾರೆ. ಇದೆ, ಆದರೆ ಆ ಅನುಮತಿ ಪರೀಕ್ಷೆಗೆ ಒಳಪಟ್ಟ, ಪಟ್ಟಿಯಲ್ಲಿರುವ ಕಾರು ಮತ್ತು ಹೆಡ್‌ಲೈಟುಗಳಿಗೆ ಮಾತ್ರ. ಪಟ್ಟಿಯಲ್ಲಿಲ್ಲದ ಕಾರಿಗೆ ಅದೇ ಬಲ್ಬ್ ಹಾಕುವುದು ಅಲ್ಲಿಯೂ ಅಕ್ರಮ. ಎಚ್‌ಐಡಿ ಕಿಟ್ಟುಗಳ ಬಗ್ಗೆ, ಅಂದರೆ ಅನಿಲದ ಮೂಲಕ ವಿದ್ಯುತ್ ಹಾಯಿಸಿ ಬೆಳಗಿಸುವ ಕ್ಸೆನಾನ್ ದೀಪಗಳ ಬಗ್ಗೆ, ಹೆಚ್ಚು ಹೇಳಬೇಕಾಗಿಲ್ಲ: ಹ್ಯಾಲೊಜೆನ್ ರಿಫ್ಲೆಕ್ಟರಿಗೆ ಹಾಕಲೇಬೇಡಿ.

ಹಂತ 6: ಬಲ್ಬ್ ಬದಲಿಸಿ

ಎಂಜಿನ್ ನಿಲ್ಲಿಸಿ, ದೀಪ ಆರಿಸಿ, ಕಾಲು ಗಂಟೆಯಾದರೂ ಬಲ್ಬ್ ತಣ್ಣಗಾಗಲು ಬಿಡಿ. ಬಾನೆಟ್ ಎತ್ತಿ ಹೆಡ್‌ಲೈಟಿನ ಹಿಂಭಾಗದಲ್ಲಿ ಸಾಕೆಟ್ಟನ್ನು ನೇರವಾಗಿ ಹಿಂದಕ್ಕೆ ಎಳೆಯಿರಿ. ತಂತಿ ಹಿಡಿದು ಎಳೆಯಬಾರದು. ಎಚ್4 ಇದ್ದರೆ ಅದರ ಹಿಂದೆ ರಬ್ಬರಿನ ಮುಚ್ಚಳ, ಅದರೊಳಗೆ ಬಲ್ಬನ್ನು ಹಿಡಿದಿರುವ ತಂತಿಯ ಕ್ಲಿಪ್ ಇರುತ್ತದೆ. ಕ್ಲಿಪ್ಪನ್ನು ಒತ್ತಿ ಪಕ್ಕಕ್ಕೆ ಸರಿಸಿದರೆ ಬಲ್ಬ್ ಹೊರಬರುತ್ತದೆ. ತೆಗೆಯುವ ಮೊದಲು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಂಡರೆ ಕ್ಲಿಪ್ ಯಾವ ಕಡೆ ಕೂತಿತ್ತು ಎಂದು ಆಮೇಲೆ ತಡಕಾಡಬೇಕಾಗಿಲ್ಲ.

ಹೊಸ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆರಳಿನ ಜಿಡ್ಡು ಮತ್ತು ಉಪ್ಪು ತಗಲಿದ ಜಾಗದಲ್ಲಿ ಗಾಜು ಅತಿಯಾಗಿ ಕಾದು ಬಲ್ಬ್ ಬೇಗ ಹಾಳಾಗುತ್ತದೆ. ಮುಟ್ಟಿಬಿಟ್ಟಿದ್ದರೆ ಸ್ಪಿರಿಟ್ ಹಾಕಿದ ಬಟ್ಟೆಯಿಂದ ಒರೆಸಿ ಒಣಗಿಸಿ. ಎಚ್4 ಬಲ್ಬಿನ ಬುಡದಲ್ಲಿ ಮೂರು ಕಿವಿಗಳಿದ್ದು, ಅಗಲವಾದದ್ದು ಮೇಲಕ್ಕೆ ಬರಬೇಕು. ಸರಿಯಾಗಿ ಕೂತರೆ ಅಲುಗುವುದಿಲ್ಲ. ರಬ್ಬರ್ ಮುಚ್ಚಳವನ್ನು ಸುತ್ತಲೂ ಒತ್ತಿ ಕೂರಿಸಿ, ಒಂದು ಮೂಲೆ ಎದ್ದಿದ್ದರೂ ಮೊದಲ ಮಳೆಗೇ ಹೆಡ್‌ಲೈಟಿನೊಳಗೆ ಹಬೆ ಕಟ್ಟುತ್ತದೆ. ಎರಡೂ ಬದಿಯ ಬಲ್ಬನ್ನು ಒಟ್ಟಿಗೇ ಬದಲಿಸಿ.

ಹಂತ 7: ಬೆಳಕನ್ನು ಗೋಡೆಯ ಮೇಲೆ ಹೊಂದಿಸಿ

ಬಲ್ಬ್ ಬದಲಿಸಿದ ಮೇಲೆ ಈ ಹಂತವನ್ನು ಬಿಟ್ಟುಬಿಡುವವರೇ ಹೆಚ್ಚು. ಟೈರುಗಳಲ್ಲಿ ಸರಿಯಾದ ಗಾಳಿಯಿರಲಿ, ಚಾಲಕನ ಸೀಟಿನಲ್ಲಿ ಒಬ್ಬರು ಕುಳಿತಿರಲಿ, ಡ್ಯಾಶ್‌ಬೋರ್ಡಿನಲ್ಲಿ ಬೆಳಕಿನ ಎತ್ತರ ಹೊಂದಿಸುವ ಗಾಲಿ ಇದ್ದರೆ ಅದು ಸೊನ್ನೆಯಲ್ಲಿರಲಿ. ಹೆಡ್‌ಲೈಟಿನಿಂದ ಗೋಡೆಗೆ ಸರಿಯಾಗಿ 5 ಮೀಟರ್ ಇರುವಂತೆ ಕಾರನ್ನು ಗೋಡೆಗೆ ನೇರವಾಗಿ ನಿಲ್ಲಿಸಿ. ನೆಲದಿಂದ ಹೆಡ್‌ಲೈಟಿನ ಮಧ್ಯಭಾಗಕ್ಕೆ ಎಷ್ಟು ಎತ್ತರ ಎಂದು ಅಳೆದು, ಅದೇ ಎತ್ತರಕ್ಕಿಂತ 5 ಸೆಂಟಿಮೀಟರ್ ಕೆಳಗೆ ಗೋಡೆಯ ಮೇಲೆ ಅಂಟುಪಟ್ಟಿ ಹಚ್ಚಿ. ಇದು ಶೇಕಡಾ 1ರ ಇಳಿಜಾರು, ಅಂದರೆ ಪ್ರತಿ 10 ಮೀಟರಿಗೆ 10 ಸೆಂಟಿಮೀಟರ್ ಇಳಿತ. ನಿಮ್ಮ ಹೆಡ್‌ಲೈಟಿನ ಬಳಿಯ ಚೀಟಿಯಲ್ಲಿ ಶೇಕಡಾ 1.2 ಎಂದೋ 1.3 ಎಂದೋ ಮುದ್ರಿಸಿದ್ದರೆ ಅದನ್ನೇ ಅನುಸರಿಸಿ.

ಈಗ ಲೋ ಬೀಮ್ ಹಾಕಿ. ಒಂದೊಂದೇ ದೀಪವನ್ನು ಹೊಂದಿಸಲು ಇನ್ನೊಂದರ ಸಾಕೆಟ್ ಕಳಚಿ. ಬಟ್ಟೆ ಹೊದಿಸಿದರೆ ಶಾಖಕ್ಕೆ ಪ್ಲಾಸ್ಟಿಕ್ ಹಾಳಾಗುತ್ತದೆ. ಗೋಡೆಯ ಮೇಲೆ ಬೆಳಕಿನ ಮೇಲಂಚು ಬಲಬದಿಯಲ್ಲಿ ಅಡ್ಡಲಾಗಿ ನೇರವಾಗಿದ್ದು, ಎಡಬದಿಯಲ್ಲಿ ಮೇಲಕ್ಕೆ ಏರಬೇಕು. ನಾವು ರಸ್ತೆಯ ಎಡಕ್ಕೆ ಓಡಿಸುವುದರಿಂದ ಎಡ ಅಂಚಿನ ಪಾದಚಾರಿ ಕಾಣಲಿ, ಬಲಕ್ಕೆ ಎದುರು ಬರುವವರಿಗೆ ಹೊಡೆಯದಿರಲಿ ಎಂದು ಹೀಗೆ ಮಾಡಿರುತ್ತಾರೆ. ಹೆಡ್‌ಲೈಟಿನ ಹಿಂದಿನ ತಿರುಪನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ, ಬಲಬದಿಯ ನೇರ ಅಂಚು ಅಂಟುಪಟ್ಟಿಯ ಮೇಲೆ ಬರುವಂತೆ ಮಾಡಿ. ಎಷ್ಟು ತಿರುಗಿಸಿದರೂ ಸ್ಪಷ್ಟವಾದ ಅಂಚೇ ಮೂಡದಿದ್ದರೆ ಬಲ್ಬ್ ಓರೆಯಾಗಿ ಕೂತಿದೆ ಅಥವಾ ಆ ಹೆಡ್‌ಲೈಟಿಗೆ ಹೊಂದುವ ಬಲ್ಬ್ ಅದಲ್ಲ.

ಕೊನೆಗೆ 106ನೆಯ ನಿಯಮದ ಪರೀಕ್ಷೆ. ಕಾರಿನ ಮುಂದೆ 8 ಮೀಟರ್ ಅಳೆದು, ಬಲ ಅಂಚಿನಿಂದ ಅರ್ಧ ಮೀಟರ್ ಬಲಕ್ಕೆ ಸರಿದು, ಕಣ್ಣು ಒಂದೂವರೆ ಮೀಟರ್ ಎತ್ತರಕ್ಕೆ ಬರುವಂತೆ ನಿಂತು ಲೋ ಬೀಮ್ ಅನ್ನು ನೋಡಿ. ದೀಪ ಉರಿಯುತ್ತಿರುವುದು ಕಾಣಬೇಕು, ಕಣ್ಣು ಮುಚ್ಚಿಕೊಳ್ಳುವಂತಾಗಬಾರದು. ಹಿಂದಿನ ಸೀಟಿನಲ್ಲಿ ಮೂವರು ಮತ್ತು ಡಿಕ್ಕಿ ತುಂಬ ಸಾಮಾನು ಇದ್ದಾಗ ಕಾರಿನ ಮೂತಿ ಮೇಲೇಳುವುದರಿಂದ ಎತ್ತರ ಹೊಂದಿಸುವ ಗಾಲಿಯನ್ನು ಒಂದೆರಡು ಅಂಕಿ ತಿರುಗಿಸಿ ಬೆಳಕನ್ನು ಕೆಳಗಿಳಿಸಬೇಕು. ಆ ಗಾಲಿ ಇರುವುದೇ ಅದಕ್ಕಾಗಿ. ತೆಗೆದ ಬಲ್ಬುಗಳು ಇನ್ನೂ ಉರಿಯುವಂತಿದ್ದರೆ ಅವನ್ನು ಹೊಸದರ ಪೆಟ್ಟಿಗೆಯಲ್ಲಿಟ್ಟು, ಹೆಡ್‌ಲೈಟಿನ ಮೂಲ ಅಳತೆಯ ಒಂದೆರಡು ಫ್ಯೂಸುಗಳೊಂದಿಗೆ ಕಾರಿನಲ್ಲಿಯೇ ಇಟ್ಟುಕೊಳ್ಳಿ.